ಮಂಡಿ ನೋವಿನ ಮಾತ್ರೆಗಳು: ಡಬ್ಬಿಯ ಹಿಂಭಾಗ ಓದಿ ಕೊಳ್ಳಿ

ಅಮ್ಮನಿಗೆ ಮಂಡಿ ಸವೆತ. ಡಾಕ್ಟರು ಎಕ್ಸ್‌ರೇ ನೋಡಿ ಆಸ್ಟಿಯೋಆರ್ಥರೈಟಿಸ್ ಅಂದಾಗಿನಿಂದ ನಮ್ಮ ಮನೆಗೆ ಬಂದ ಡಬ್ಬಿಗಳಿಗೆ ಲೆಕ್ಕವಿಲ್ಲ. ಅತ್ತೆ ಒಂದು ಕಳಿಸಿದರು, ಅಮೆರಿಕದಿಂದ ಬಂದ ಚಿಕ್ಕಪ್ಪನ ಮಗ ದೊಡ್ಡದೊಂದು ಬಾಟಲಿ ತಂದ, ಎದುರು ಮನೆಯವರು ಹೇಳಿದ್ದು ಇನ್ನೊಂದು. ಇದರಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ ಅಂತ ಬರೆಯುತ್ತಿದ್ದೇನೆ. ಬ್ರಾಂಡ್ ಹೆಸರು ಬೇಡ. ಒಳಗೆ ಏನಿದೆ, ಎಷ್ಟಿದೆ ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಎಲ್ಲರೂ ತರುವ ಗ್ಲುಕೋಸಮೈನ್. ಜೊತೆಗೆ ಕಾಂಡ್ರಾಯಿಟಿನ್ ಇರುತ್ತದೆ. ಸವೆದ ಕಾರ್ಟಿಲೇಜ್, ಅಂದರೆ ಕೀಲಿನೊಳಗಿನ ಮೆತ್ತನೆ ಮೂಳೆ, ಮತ್ತೆ ಬೆಳೆಯುತ್ತದೆ ಅನ್ನುವ ಹಾಗೆ ಜಾಹೀರಾತು. ಅಮೆರಿಕದಲ್ಲಿ ಸರ್ಕಾರದ ದುಡ್ಡಲ್ಲೇ ಇದರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಹೆಸರು ಗೇಟ್, ಫಲಿತಾಂಶ ಬಂದಿದ್ದು 2006ರಲ್ಲಿ. ಮಂಡಿ ನೋವಿನ 1,583 ಜನ, ಆರು ತಿಂಗಳು, ದಿನಕ್ಕೆ 1,500 ಮಿಲಿಗ್ರಾಂ ಗ್ಲುಕೋಸಮೈನ್, 1,200 ಮಿಲಿಗ್ರಾಂ ಕಾಂಡ್ರಾಯಿಟಿನ್. ಒಟ್ಟಾರೆ ನೋಡಿದರೆ ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ನೋವು ತುಂಬಾ ಇದ್ದ ಒಂದು ಸಣ್ಣ ಗುಂಪಿಗೆ ಎರಡೂ ಸೇರಿಸಿ ಕೊಟ್ಟಾಗ ಸ್ವಲ್ಪ ಜಾಸ್ತಿ ಆರಾಮ ಆಯಿತು, ಅಷ್ಟೆ. ನನಗೆ ಮಜಾ ಅನಿಸಿದ್ದು ಬೇರೆ: ಖಾಲಿ ಮಾತ್ರೆ ನುಂಗಿದವರಲ್ಲೂ ನೂರಕ್ಕೆ ಅರವತ್ತು ಜನ ನೋವು ಕಮ್ಮಿಯಾಗಿದೆ ಅಂದಿದ್ದರು! ಇದರಲ್ಲಿ ಆಶ್ಚರ್ಯವೇನಿಲ್ಲ. ಈ ನೋವು ಏರುತ್ತದೆ, ಇಳಿಯುತ್ತದೆ. ಏರಿದಾಗಲೇ ಅಲ್ವಾ ನಾವು ಅಂಗಡಿಗೆ ಓಡುವುದು? ತಾನಾಗಿ ಇಳಿದಾಗ ಹೆಸರು ಡಬ್ಬಿಗೆ. ಆನ್‌ಲೈನ್ ಅಂಗಡಿಗಳಲ್ಲಿ ಐದು ಸ್ಟಾರ್ ಕೊಟ್ಟವರು ಸುಳ್ಳು ಹೇಳುತ್ತಿಲ್ಲ, ಆದರೆ ಅದನ್ನು ನೋಡಿ ಕೊಳ್ಳುವುದು ಬೇಡ. 2019ರಲ್ಲಿ ಅಮೆರಿಕದ ಕೀಲು ವೈದ್ಯರ ಸಂಘ, ಮಂಡಿ ಮತ್ತು ಸೊಂಟದ ಸವೆತಕ್ಕೆ ಗ್ಲುಕೋಸಮೈನ್ ಬೇಡ ಅಂತ ಖಡಾಖಂಡಿತವಾಗಿ ಹೇಳಿತು.

ನಮ್ಮಂಥ ಸಸ್ಯಾಹಾರಿ ಮನೆಯವರಿಗೆ ಇನ್ನೊಂದು ವಿಷಯ. ಗ್ಲುಕೋಸಮೈನ್ ಸಾಮಾನ್ಯವಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆದದ್ದು. ಕಾಂಡ್ರಾಯಿಟಿನ್ ದನ, ಹಂದಿ ಅಥವಾ ಶಾರ್ಕ್ ಮೀನಿನ ಕಾರ್ಟಿಲೇಜಿನಿಂದ ಬರುತ್ತದೆ. ಏಕಾದಶಿ ತಪ್ಪಿಸದ ನಮ್ಮಮ್ಮ ಅಮೆರಿಕದ ಬಾಟಲಿಯಿಂದ ದಿನಾ ಎರಡು ನುಂಗುತ್ತಿದ್ದರು. ಹಿಂದೆ ಸಣ್ಣ ಅಕ್ಷರದಲ್ಲಿ ಸೀಗಡಿ, ಏಡಿ ಅಂತ ಬರೆದಿದ್ದನ್ನು ನಾನು ಓದಿ ಹೇಳಿದ ದಿನ ಬಾಟಲಿ ಸೀದಾ ಕೆಲಸದವಳ ಮನೆಗೆ ಹೋಯಿತು. ಜೋಳದಿಂದ ಮಾಡಿದ ಗ್ಲುಕೋಸಮೈನ್ ಕೂಡ ಸಿಗುತ್ತದೆ, ಆದರೆ ಹುಡುಕಬೇಕು. ಇಲ್ಲಿ ಮಾರುವ ಫುಡ್ ಸಪ್ಲಿಮೆಂಟ್ ಆದರೆ ಹಸಿರು ಗುರುತೋ ಕಂದು ಗುರುತೋ ನೋಡಿ. ಸೀಗಡಿ ಅಲರ್ಜಿ ಇರುವವರು, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಇನ್ನು ಅರಿಶಿನ. ಅದೇ ಕರ್ಕ್ಯುಮಿನ್ ಕ್ಯಾಪ್ಸೂಲ್. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ, ಹಾಗಾಗಿ ರಾತ್ರಿ ಅರಿಶಿನ ಹಾಲು ಕುಡಿದರೆ ನಿದ್ದೆಗೆ ಚೆನ್ನ, ಮಂಡಿಗೆ ಸಾಲದು. ಬರೀ ಕರ್ಕ್ಯುಮಿನ್ ತಿಂದರೂ ಅದು ರಕ್ತಕ್ಕೆ ಸೇರುವುದೇ ಕಷ್ಟ. ಇದಕ್ಕೆ ಉಪಾಯ ಕೊಟ್ಟಿದ್ದು ನಮ್ಮ ಬೆಂಗಳೂರೇ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಸಾರ, ಸೇರಿಸಿ ಕೊಟ್ಟರೆ ದೇಹಕ್ಕೆ ಸಿಗುವ ಪ್ರಮಾಣ ಶೇಕಡಾ 2,000 ಹೆಚ್ಚುತ್ತದೆ ಅಂತ ತೋರಿಸಿದರು. ಇವತ್ತು ಪ್ರಪಂಚದಲ್ಲೆಲ್ಲ ಅರಿಶಿನದ ಡಬ್ಬಿ ಮೇಲೆ ಮೆಣಸಿನ ಹೆಸರು ಇರುವುದು ಇದರಿಂದಲೇ. ಆದರೆ ಮೆಣಸು ಬೇರೆ ಔಷಧಗಳನ್ನೂ ಹೀಗೇ ಹೆಚ್ಚು ಒಳಗೆ ಬಿಡುತ್ತದೆ, ಫಿಟ್ಸ್ ಮಾತ್ರೆ ಫೆನಿಟಾಯಿನ್ ಇದ್ದರಂತೂ ಎಚ್ಚರ. ಇಂಥ ಕ್ಯಾಪ್ಸೂಲ್ ತಿಂದು ಕೆಲವರಿಗೆ ಲಿವರ್ ತೊಂದರೆ ಆಗಿರುವ ವರದಿಗಳೂ ಇವೆ. ಅಮ್ಮನಿಗೆ ಎದೆಯುರಿ ಶುರುವಾಯಿತು, ನಿಲ್ಲಿಸಿದೆವು. ನೋವಿನಲ್ಲಿ ಅವರಿಗೆ ವ್ಯತ್ಯಾಸ ಗೊತ್ತಾಗಿತ್ತಾ ಅಂದರೆ, ಸ್ವಲ್ಪ ಹೌದು ಅನ್ನುತ್ತಾರೆ.

ಇದ್ದಿದ್ದರಲ್ಲಿ ನಾನು ಒಳ್ಳೆಯ ಮಾರ್ಕ್ಸ್ ಕೊಡುವುದು ಶಲ್ಲಕಿಗೆ. ಬಾಸ್ವೆಲಿಯಾ ಅಂತಲೂ ಬರೆದಿರುತ್ತಾರೆ. ಧೂಪಕ್ಕೆ ಹಾಕುವ ಜಾತಿಯ ಮರದ ಅಂಟು, ಆದ್ದರಿಂದ ಸಸ್ಯಾಹಾರದ ಜಗಳವೂ ಇಲ್ಲ (ಕ್ಯಾಪ್ಸೂಲ್ ಸಿಪ್ಪೆ ಪ್ರಾಣಿಗಳಿಂದ ಬರುವ ಜೆಲಟಿನ್ನಾ ಅಂತ ಒಮ್ಮೆ ನೋಡಿ). ಅಧ್ಯಯನಗಳು ಚಿಕ್ಕವು. ಆದರೂ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆಯಲ್ಲಿ, ಸತ್ವ ಹೆಚ್ಚಿಸಿದ ಸಾರ 100 ಮಿಲಿಗ್ರಾಂನಂತೆ 90 ದಿನ ತೆಗೆದುಕೊಂಡವರ ನೋವು, ಖಾಲಿ ಮಾತ್ರೆಯವರಿಗಿಂತ ನೂರರ ಅಳತೆಯಲ್ಲಿ 17 ಅಂಕ ಕಮ್ಮಿ ಇತ್ತು. ಹಾಗಾಗಿ ಡಬ್ಬಿ ಹಿಂದೆ ಬರೀ ಪುಡಿಯ ತೂಕ ಬರೆದಿದ್ದರೆ ಸಾಲದು, ಅದರ ಸತ್ವವಾದ ಬಾಸ್ವೆಲಿಕ್ ಆಸಿಡ್ ಎಷ್ಟು ಅಂತ ಇರಬೇಕು. ಹತ್ತು ಗಿಡಮೂಲಿಕೆ ಸೇರಿಸಿ ಒಂದೊಂದೂ ಚಿಟಿಕೆಯಷ್ಟು ಹಾಕಿದ ‘ಜಾಯಿಂಟ್ ಕೇರ್’ ಡಬ್ಬಿಗಳನ್ನು ನಾನು ನೋಡಿದ ಕೂಡಲೇ ಪಕ್ಕಕ್ಕಿಡುತ್ತೇನೆ. ಅಮ್ಮ ಇದನ್ನೇ ಮುಂದುವರಿಸಿದ್ದಾರೆ. ಬೆಳಗ್ಗೆ ಎದ್ದಾಗಿನ ಬಿಗಿತ ಕಮ್ಮಿ, ಮೆಟ್ಟಿಲು ಇಳಿಯುವಾಗಿನ ನೋವು ಹಾಗೇ ಇದೆ. ಮೂರು ತಿಂಗಳು ತಿಂದು ಏನೂ ಅನಿಸದಿದ್ದರೆ ನಿಲ್ಲಿಸಿಬಿಡಿ.

ವಿಟಮಿನ್ ಡಿ ಕಥೆ ಬೇರೆ. ರಕ್ತ ಪರೀಕ್ಷೆಯಲ್ಲಿ ಕಮ್ಮಿ ಬಂದರೆ ಖಂಡಿತ ತೆಗೆದುಕೊಳ್ಳಬೇಕು, ಅದು ಮೂಳೆಗೆ ಬೇಕು. ಮಂಡಿ ಸವೆತಕ್ಕೇ ಅಂತ ಕೊಟ್ಟರೆ ಪ್ರಯೋಜನ ಕಾಣಲಿಲ್ಲ. 2013ರಲ್ಲಿ ಪ್ರಕಟವಾದ ಎರಡು ವರ್ಷದ ಅಧ್ಯಯನದಲ್ಲಿ ಖಾಲಿ ಮಾತ್ರೆಗಿಂತ ನೋವೂ ಹೆಚ್ಚು ಇಳಿಯಲಿಲ್ಲ, ಸವೆತವೂ ನಿಲ್ಲಲಿಲ್ಲ. 60,000 ಯೂನಿಟ್‌ನ ಸ್ಯಾಶೆ ವಾರಕ್ಕೊಂದರಂತೆ ಇಷ್ಟು ವಾರ ಅಂತ ಡಾಕ್ಟರು ಬರೆದುಕೊಟ್ಟರೆ, ಚೀಟಿ ಮುಗಿದ ಮೇಲೂ ಮೆಡಿಕಲ್ ಶಾಪಿನಿಂದ ತಂದು ತಂದು ಕುಡಿಯುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ ಬೀಳುತ್ತದೆ.

ಕಡಿಮೆ ದುಡ್ಡಿನ ಎರಡು ವಿಷಯಕ್ಕೆ ಯಾರೂ ಜಾಹೀರಾತು ಕೊಡಲ್ಲ. ನೋವಿಗೆ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ಮತ್ತು ಕುರ್ಚಿ ಮೇಲೆ ಕೂತು ಕಾಲು ನೇರ ಎತ್ತಿ ಹಿಡಿಯುವ ತೊಡೆಯ ವ್ಯಾಯಾಮ. ಇವೆರಡನ್ನೂ ವೈದ್ಯರ ಸಂಘಗಳು ಒಪ್ಪುತ್ತವೆ. ತೂಕ ಜಾಸ್ತಿ ಇರುವವರು ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಕೊನೆಗೆ ಪುಡಿ. ಲೇಬಲ್ ಇಲ್ಲದ ಪೊಟ್ಟಣ, ‘ಮೂರೇ ದಿನಕ್ಕೆ ನೋವು ಮಾಯ’. ನಮ್ಮ ಬೀದಿಯಲ್ಲೂ ಒಬ್ಬರು ತರಿಸುತ್ತಿದ್ದರು, ನಿಜವಾಗಲೂ ಮೂರೇ ದಿನಕ್ಕೆ ಓಡಾಡತೊಡಗಿದರು. ಗಿಡಮೂಲಿಕೆ ಅಷ್ಟು ಬೇಗ ಕೆಲಸ ಮಾಡಲ್ಲ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಮುಖ ಊದುವುದು, ಶುಗರ್ ಏರುವುದು ಅದರ ಗುರುತು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ್ದನ್ನು ತರಲೇಬೇಡಿ. ಮನೆಯಲ್ಲಿ ಯಾರಾದರೂ ಈಗಾಗಲೇ ತುಂಬಾ ದಿನದಿಂದ ತಿನ್ನುತ್ತಿದ್ದರೆ ಇದನ್ನು ಓದಿ ಏಕಾಏಕಿ ನಿಲ್ಲಿಸಬೇಡಿ. ಸ್ಟೆರಾಯ್ಡ್ ಒಮ್ಮೆಲೇ ಬಿಡುವುದೂ ಅಪಾಯ, ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ.