ಸೋತ ಮೇಲೆ ಏನು? ಸಿಲ್ಕ್‌ಸಾಂಗ್, ಎಕ್ಸ್‌ಪೆಡಿಷನ್ 33, ಹೇಡೀಸ್ 2 ಮೂರನ್ನೂ ಆಡಿ ನೋಡಿದ ಮೇಲೆ

ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ನನಗೆ ಸಿಗುವುದು ಒಂದು ಗಂಟೆ. ಆಫೀಸು ವೈಟ್‌ಫೀಲ್ಡ್ ಕಡೆ, ಮನೆ ವಿಜಯನಗರ, ಮಧ್ಯೆ ಇಡೀ ಪರ್ಪಲ್ ಲೈನ್. ಬೆಳಿಗ್ಗೆ ಮತ್ತೆ ಅದೇ ಮೆಟ್ರೋ ಹಿಡಿಯಬೇಕು. ಹಾಗಾಗಿ ಹೊಸ ಗೇಮ್ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಗ್ರಾಫಿಕ್ಸ್ ಹೇಗಿದೆ ಅಂತ ಅಲ್ಲ, ಕಥೆ ಎಷ್ಟು ಉದ್ದ ಅಂತಲೂ ಅಲ್ಲ. ಸೋತರೆ ಏನಾಗುತ್ತದೆ, ಅಷ್ಟೇ. ಎಲ್ಲಿಗೆ ವಾಪಸ್ ಕಳಿಸುತ್ತದೆ, ಏನು ಕಿತ್ತುಕೊಳ್ಳುತ್ತದೆ, ಮುಂದಿನ ಸಲಕ್ಕೆ ಏನಾದರೂ ಕಲಿಸುತ್ತದಾ?

2025ರಲ್ಲಿ ಎಲ್ಲರ ಬಾಯಲ್ಲೂ ಇದ್ದ ಮೂರು ಗೇಮ್‌ಗಳನ್ನು ಇದೇ ಪ್ರಶ್ನೆ ಇಟ್ಟುಕೊಂಡು ಆಡಿದೆ. ಏಪ್ರಿಲ್ 24ಕ್ಕೆ ಬಂದ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33, ಸೆಪ್ಟೆಂಬರ್ 4ಕ್ಕೆ ಬಂದ ಹಾಲೋ ನೈಟ್: ಸಿಲ್ಕ್‌ಸಾಂಗ್, ಸೆಪ್ಟೆಂಬರ್ 25ಕ್ಕೆ ಪೂರ್ತಿಯಾಗಿ ಬಂದ ಹೇಡೀಸ್ 2. ಒಂದು ಸರದಿ ಪ್ರಕಾರ ಹೊಡೆದಾಡುವ ಗೇಮ್, ಇನ್ನೊಂದು ಓಡಿ ಹಾರಿ ದಾರಿ ಹುಡುಕುವ ಗೇಮ್, ಮತ್ತೊಂದು ಪ್ರತಿ ಸಲ ಮೊದಲಿಂದ ಶುರುವಾಗುವ ಗೇಮ್. ಮೂರನ್ನೂ ಒಂದೇ ತಕ್ಕಡಿಗೆ ಹಾಕಬಹುದಾ ಅಂತ ಕೇಳುವವರು ಇರುತ್ತಾರೆ. ಆದರೆ ದುಡ್ಡು ಹೋಗುವುದು ಒಂದೇ ಜೇಬಿನಿಂದ, ಹೋಗುವ ಗಂಟೆಯೂ ಅದೇ ಗಂಟೆ.

ಮೊದಲು ಸಿಲ್ಕ್‌ಸಾಂಗ್. ಇದರ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಾಗಿರುವುದು.

ಇದನ್ನು ಮಾಡಿದ ಟೀಮ್ ಚೆರ್ರಿ ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ. ಗೇಮ್ ಮಾಡುತ್ತೇವೆ ಅಂತ 2019ರ ಫೆಬ್ರವರಿಯಲ್ಲಿ ಹೇಳಿದ್ದರು. ಆರೂವರೆ ವರ್ಷ ಕಾದೆವು. ಬಿಡುಗಡೆ ದಿನ ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ಕೈಚೆಲ್ಲಿದವು. ಕಾದಿದ್ದಕ್ಕೆ ಮೋಸ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಆಡಿಸುವ ನಾಯಕಿ ಹಾರ್ನೆಟ್ ಓಡುವ ರೀತಿ, ಗೋಡೆಯ ಅಂಚು ಹಿಡಿದು ಮೇಲೇಳುವ ರೀತಿ, ಸೂಜಿ ಬೀಸಿದಾಗ ಕೈಗೆ ಸಿಗುವ ಬಿಗಿ, ಇವೆಲ್ಲ ಈ ಮೂರರಲ್ಲಿ ಇದರಲ್ಲೇ ಮೇಲು. ಕ್ರಿಸ್ಟೋಫರ್ ಲಾರ್ಕಿನ್ ಸಂಗೀತವಂತೂ ಗೇಮ್ ಮುಚ್ಚಿದ ಮೇಲೂ ಕಿವಿಯಲ್ಲಿ ಉಳಿಯುತ್ತದೆ. ಬೆಲೆ ಅಮೆರಿಕದಲ್ಲಿ 20 ಡಾಲರ್. ಇಷ್ಟು ದೊಡ್ಡ ಗೇಮ್‌ಗೆ ಅದು ಏನೇನೂ ಅಲ್ಲ.

ತಕರಾರು ಬೇರೆ ಕಡೆ ಇದೆ. ಶುರುವಿನಲ್ಲಿ ನಮಗೆ ಐದು ಮಾಸ್ಕ್ ಜೀವ ಇರುತ್ತದೆ. ಆದರೆ ಬಾಸ್‌ಗಳಲ್ಲಿ (ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರುಗಳಲ್ಲಿ) ತುಂಬ ಜನ ಒಂದು ಪೆಟ್ಟಿಗೆ ಎರಡೆರಡು ಮಾಸ್ಕ್ ಒಡೆಯುತ್ತಾರೆ. ಅಲ್ಲಿಗೆ ಮೂರೇ ಪೆಟ್ಟಿಗೆ ಕಥೆ ಮುಗಿಯಿತು. ಇದನ್ನೂ ನಾನು ತಪ್ಪು ಅನ್ನುವುದಿಲ್ಲ. ಒಮ್ಮೆ ಬೈಂಡ್ ಮಾಡಿದರೆ, ಅಂದರೆ ಗಾಯ ವಾಸಿ ಮಾಡಿಕೊಂಡರೆ, ಮೂರು ಮಾಸ್ಕ್ ವಾಪಸ್ ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ಹಂಟರ್ಸ್ ಮಾರ್ಚ್ ಅನ್ನುವ ಜಾಗದಲ್ಲಿ ಒಂದು ಬೆಂಚ್ ಇದೆ. ಬೆಂಚ್ ಅಂದರೆ ಕೂತು ಸುಧಾರಿಸಿಕೊಳ್ಳುವ ಜಾಗ, ಸತ್ತರೆ ಮತ್ತೆ ಶುರುವಾಗುವುದೂ ಅಲ್ಲಿಂದಲೇ. ಜೀವ ಕೈಯಲ್ಲಿ ಹಿಡಿದು ಅಲ್ಲಿಯವರೆಗೆ ಬಂದು, ಸದ್ಯ ಬದುಕಿದೆ ಅಂತ ಕೂತೆ. ಕೂತಿದ್ದೇ ತಡ, ಪೆಟ್ಟು ಬಿತ್ತು. ಬೆಂಚ್‌ಗೇ ಬಲೆ ಕಟ್ಟಿದ್ದಾರೆ! ಆ ಕ್ಷಣ ಸಿಟ್ಟು ಬಂತು. ಆಮೇಲೆ ಅದೇ ಇಷ್ಟವಾಯಿತು, ಯಾಕೆಂದರೆ ಆವತ್ತಿನಿಂದ ಪ್ರತಿ ಬೆಂಚ್ ಸುತ್ತ ಒಮ್ಮೆ ಕಣ್ಣಾಡಿಸಿಯೇ ಕೂರುತ್ತೇನೆ. ಆ ಸೋಲು ನನಗೆ ಏನೋ ಒಂದು ಕೊಟ್ಟಿತು.

ಆದರೆ ಲಾಸ್ಟ್ ಜಡ್ಜ್? ಸರಪಳಿಗೆ ಕಟ್ಟಿದ ಉರಿಯುವ ಧೂಪದಾನಿ ಬೀಸಿಕೊಂಡು ಬರುವ ಬಾಸ್ ಅದು. ಹೊಡೆದಾಟ ಅದ್ಭುತವಾಗಿದೆ, ಒಂದೊಂದು ಏಟನ್ನೂ ನೋಡಿ ಕಲಿಯಬಹುದು. ಆದರೆ ಸತ್ತರೆ ಬೆಂಚ್‌ನಿಂದ ಅದರ ಬಾಗಿಲವರೆಗೆ ಮತ್ತೆ ಹತ್ತಬೇಕು. ಗಾಳಿ ತಳ್ಳುತ್ತದೆ, ಮರಳಿನೊಳಗಿಂದ ಹುಳಗಳು ಏಳುತ್ತವೆ, ಹಾರುವ ಶತ್ರುಗಳು ಅಡ್ಡ ಬರುತ್ತವೆ. ಒಂದು ರಾತ್ರಿ ಲೆಕ್ಕ ಇಟ್ಟೆ. ಹದಿನಾಲ್ಕು ಸಲ ಸತ್ತೆ. ಹೊಡೆದಾಡಿದ್ದಕ್ಕಿಂತ ದಾರಿ ನಡೆದಿದ್ದೇ ಜಾಸ್ತಿ ಹೊತ್ತು. ಮಧ್ಯೆ ನೀರು ಕುಡಿಯಲು ಎದ್ದುಬಂದ ಅಮ್ಮ ಸ್ಕ್ರೀನ್ ನೋಡಿ, "ಇದೇ ಬೆಟ್ಟ ಹತ್ತು ಗಂಟೆಗೂ ಹತ್ತುತ್ತಿದ್ದೆಯಲ್ಲೋ" ಅಂದರು. ನಿಜ ಅದು. ಕೊನೆಗೆ ಅದನ್ನು ಸೋಲಿಸಿದರೂ ಸಿಡಿದು ಬೀಳುತ್ತದೆ, ಪಕ್ಕದಲ್ಲಿ ನಿಂತಿದ್ದರೆ ಅದಕ್ಕೂ ಪೆಟ್ಟು.

ಕಷ್ಟ ಬೇರೆ, ಅಲೆದಾಟ ಬೇರೆ. ಬಾಸ್ ಕಷ್ಟವಾಗಿರಲಿ, ಇನ್ನೂ ಕಷ್ಟವಾಗಿರಲಿ, ಆದರೆ ನಾನು ಕಲಿಯಬೇಕಾದ ಪಾಠ ಬಾಗಿಲ ಒಳಗಿದೆ, ಹೊರಗಿನ ಮೆಟ್ಟಿಲಲ್ಲಿ ಅಲ್ಲ. ಹದಿನಾಲ್ಕನೇ ಸಲ ಆ ಮೆಟ್ಟಿಲು ನನಗೆ ಹೊಸದೇನೂ ಹೇಳುವುದಿಲ್ಲ. ಇದರ ಜೊತೆಗೆ ಮಣಿಗಳ ಲೆಕ್ಕ. ಈ ಗೇಮ್‌ನಲ್ಲಿ ದುಡ್ಡು ಅಂದರೆ ಜಪಮಣಿ. ಸತ್ತ ಜಾಗದಲ್ಲಿ ಅದು ಉಳಿದುಬಿಡುತ್ತದೆ, ಅಲ್ಲಿಗೆ ಮುಟ್ಟುವ ಮೊದಲೇ ಇನ್ನೊಮ್ಮೆ ಸತ್ತರೆ ಪೂರ್ತಿ ಹೋಯಿತು. ಕೆಲವು ಬೆಂಚ್‌ಗಳಲ್ಲಿ ಕೂರುವುದಕ್ಕೂ ಮಣಿ ಕೊಡಬೇಕು. ಬಿಡುಗಡೆಯಾದ ಕೆಲವೇ ದಿನಕ್ಕೆ ಪ್ಯಾಚ್, ಅಂದರೆ ಗೇಮ್‌ನ ತಿದ್ದುಪಡಿ, ಬಂತು. ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಬಾಸ್‌ಗಳನ್ನು ಸ್ವಲ್ಪ ಸಡಿಲ ಮಾಡಿದರು, ಮಣಿಯೂ ಸ್ವಲ್ಪ ಜಾಸ್ತಿ ಸಿಗುವ ಹಾಗೆ ಮಾಡಿದರು. ಅಂದರೆ ಮಾಡಿದವರಿಗೂ ಶುರುವಿನ ಭಾಗ ಬಿಗಿಯಾಯಿತು ಅನ್ನಿಸಿದೆ, ಅಲ್ವಾ?

ಎಕ್ಸ್‌ಪೆಡಿಷನ್ 33ಕ್ಕೆ ಬಂದರೆ ಗಾಳಿಯೇ ಬೇರೆ. ಫ್ರಾನ್ಸ್‌ನ ಮಾಂಟ್‌ಪೆಲಿಯೆಯ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ಅನ್ನುವ ತಂಡದ ಮೊದಲ ಗೇಮ್ ಇದು, 2025ರ ಡಿಸೆಂಬರ್‌ನಲ್ಲಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯೂ ಇದಕ್ಕೇ ಬಂತು. ದೂರದ ಕಂಬದ ಮೇಲೆ ಒಬ್ಬಳು ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಹೊಗೆಯಾಗಿ ಕರಗಿಹೋಗುತ್ತಾರೆ. ಪ್ರತಿ ವರ್ಷ ಸಂಖ್ಯೆ ಒಂದೊಂದು ಕಡಿಮೆ. ಶುರುವಿನ ಭಾಗ ಆಡಿದ್ದು ಒಂದು ಭಾನುವಾರ ಮಧ್ಯಾಹ್ನ. ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಊರಿನ ಜನ ಹೂವಿನ ಹಾರ ಹಾಕಿಕೊಂಡು ಬಂದರಿಗೆ ನಡೆಯುವುದನ್ನು ನೋಡಿ, ಯಾರದ್ದು ಮದುವೆ ಅಂತ ಕೇಳಿದರು. ಅಲ್ಲಮ್ಮ, ಇವರೆಲ್ಲ ಇವತ್ತು ಹೋಗುವವರು ಅಂದೆ. ತಟ್ಟೆ ಪಕ್ಕಕ್ಕಿಟ್ಟು, ಆ ದೃಶ್ಯ ಮುಗಿಯುವವರೆಗೂ ಕದಲಲಿಲ್ಲ. ಗೇಮ್ ಅಂದರೆ ಏನು ಅಂತ ಗೊತ್ತಿಲ್ಲದವರನ್ನೂ ಹಿಡಿದು ಕೂರಿಸುವ ಶುರು ಇದು. ಇಂಥದ್ದು ಬೇರೆ ಎರಡರಲ್ಲೂ ಇಲ್ಲ.

ಸೋಲಿನ ವಿಷಯಕ್ಕೆ ಬರೋಣ. ಹೊಡೆದಾಟ ಸರದಿ ಪ್ರಕಾರ ನಡೆದರೂ, ಶತ್ರು ಹೊಡೆಯುವಾಗ ನಾವು ಸುಮ್ನೆ ಕೂರುವ ಹಾಗಿಲ್ಲ. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕು, ಇಲ್ಲವೇ ಪೆಟ್ಟನ್ನೇ ತಡೆದು ಪ್ಯಾರಿ ಮಾಡಬೇಕು. ತಪ್ಪಿಸಿಕೊಳ್ಳುವುದು ಸುಲಭ, ಪ್ಯಾರಿಗೆ ಸಮಯ ತೀರಾ ಕಡಿಮೆ. ಆದರೆ ಎಲ್ಲ ಪೆಟ್ಟನ್ನೂ ಪ್ಯಾರಿ ಮಾಡಿದರೆ ತಿರುಗಿ ಹೊಡೆಯುವ ಅವಕಾಶ.

ಡ್ಯುಯಲಿಸ್ಟ್ ಅಂತ ಎರಡು ಕತ್ತಿಯ ಬಾಸ್ ಇದೆ. ಅದರ ಮುಂದೆ ನಾನು ಎರಡು ರಾತ್ರಿ ಸೋತೆ. ಕತ್ತಿ ಎತ್ತುತ್ತದೆ, ಈಗ ಬೀಳುತ್ತದೆ ಅನ್ನುವಾಗ ನಿಲ್ಲಿಸುತ್ತದೆ, ನಾನು ಒತ್ತಿದ ಮೇಲೆ ಬೀಳುತ್ತದೆ. ಚಿಕ್ಕವನಿದ್ದಾಗ ಎರಡು ವರ್ಷ ಮೃದಂಗ ಕಲಿತಿದ್ದೆ. ಮೂರನೇ ರಾತ್ರಿ ಹೆಡ್‌ಫೋನ್ ಹಾಕಿ, ಕತ್ತಿಯನ್ನು ನೋಡುವುದು ಬಿಟ್ಟು, ಬರೀ ಶಬ್ದ ಕೇಳಿದೆ. ಆಗ ಗೊತ್ತಾಯಿತು, ಅದು ಮೋಸ ಅಲ್ಲ, ಕಾರ್ವೆ, ತಾಳದ ಮಧ್ಯೆ ಬಿಡುವ ಬಿಡುವು. ತಕಧಿಮಿ ತಕ, ಒಂದು ಕಾರ್ವೆ, ಆಮೇಲೆ ಪೆಟ್ಟು. ಬೆರಳು ತೊಡೆಯ ಮೇಲೆ ತಾಳ ಹಾಕುವ ಹಾಗೆ ಬಟನ್ ಮೇಲೆ ಬಿತ್ತು. ಅವತ್ತು ಗೆದ್ದೆ. ಸೋತ ಆ ಎರಡು ರಾತ್ರಿಯೂ ದಂಡವಾಗಲಿಲ್ಲ, ಯಾಕೆಂದರೆ ಪ್ರತಿ ಸಲವೂ ಹತ್ತಿರದಿಂದಲೇ ಮತ್ತೆ ಶುರು ಮಾಡಲು ಬಿಟ್ಟರು. ಬೆಟ್ಟ ಹತ್ತಿಸಲಿಲ್ಲ.

ಹಾಗಂತ ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಒಳಗಿನ ಜಾಗಗಳಿಗೆ ಮ್ಯಾಪ್ ಇಲ್ಲ. ದಿನ ಬಿಟ್ಟು ದಿನ ಆಡುವವನಿಗೆ ನಿನ್ನೆ ಎಲ್ಲಿಂದ ಬಂದೆ ಅಂತಲೇ ಮರೆತಿರುತ್ತದೆ. ಮೂರನೇ ಅಂಕದಲ್ಲಿ ಅಕ್ಕಪಕ್ಕದ ಸವಾಲುಗಳನ್ನೆಲ್ಲ ಮುಗಿಸಿ ಹೋದರೆ ನಮ್ಮ ಶಕ್ತಿ ಎಷ್ಟಾಗಿರುತ್ತದೆ ಅಂದರೆ ಕೊನೆಯ ಬಾಸ್ ಕೆಲವೇ ಏಟಿಗೆ ಉರುಳುತ್ತದೆ. ಅಷ್ಟು ಭಾರದ ಕಥೆಗೆ ಅಷ್ಟು ಹಗುರದ ಜಗಳ ನನಗೆ ಬೇಸರ ತರಿಸಿತು. ಮೊದಲು ಕಥೆ ಮುಗಿಸಿ, ಆಮೇಲೆ ಸುತ್ತಾಡಿ. ಇನ್ನು ಲ್ಯಾಪ್‌ಟಾಪ್ ಹಳೆಯದಾದರೆ ಯೋಚಿಸಿ. ನನ್ನದರಲ್ಲಿ ಸೆಟ್ಟಿಂಗ್ಸ್ ಎಲ್ಲ ಕೆಳಗಿಳಿಸಿದ ಮೇಲೂ ಫ್ಯಾನ್ ಶಬ್ದಕ್ಕೆ ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡರು. ಸಿಲ್ಕ್‌ಸಾಂಗ್ ಅದೇ ಲ್ಯಾಪ್‌ಟಾಪ್‌ನಲ್ಲಿ ಬೆಣ್ಣೆ ಹಾಗೆ ಓಡಿತು.

ಹೇಡೀಸ್ 2 ಬಗ್ಗೆ ಹೇಳುವುದು ಸ್ವಲ್ಪವೇ, ಯಾಕೆಂದರೆ ನನ್ನ ಪ್ರಶ್ನೆಗೆ ಅದು ನೇರವಾಗಿ ಉತ್ತರ ಕೊಟ್ಟಿತು. ಸೂಪರ್‌ಜೈಂಟ್ ಗೇಮ್ಸ್ ಇದನ್ನು 2024ರ ಮೇನಲ್ಲೇ ಅರ್ಧ ತಯಾರಿದ್ದಾಗ ಜನರ ಕೈಗೆ ಕೊಟ್ಟು, ಆಡಿದವರ ಮಾತು ಕೇಳುತ್ತ ತಿದ್ದಿ ಮುಗಿಸಿತು. ಇಲ್ಲಿ ಸಾಯುವುದು ಅಂದರೆ ಮನೆಗೆ ವಾಪಸ್ ಬರುವುದು. ನಾಯಕಿ ಮೆಲಿನೋಯೆ ಕಾಲದ ದೈತ್ಯ ಕ್ರೋನೋಸ್‌ನ ಮೇಲೆ ಯುದ್ಧಕ್ಕೆ ಹೊರಟವಳು. ಸೋತು ಬಂದರೆ ಗುರು ಹೆಕಟೆ ಏನೋ ಹೊಸದು ಹೇಳುತ್ತಾಳೆ, ತಂದ ಸಾಮಾನಿನಿಂದ ಏನೋ ಒಂದು ಬಲವಾಗುತ್ತದೆ, ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊರಟಲ್ಲಿಂದ ಮುಗಿಯುವವರೆಗಿನ ಒಂದು ಓಟಕ್ಕೆ ನನಗೆ ಮುಕ್ಕಾಲು ಗಂಟೆಯ ಒಳಗೆ. ಮಧ್ಯೆ ಎದ್ದು ಹೋಗಬೇಕಾದರೂ ಆ ಕೋಣೆಯ ಬಾಗಿಲಿಂದ ಮತ್ತೆ ಶುರು ಮಾಡಬಹುದು. ತೀರಾ ಕಷ್ಟವಾದರೆ ಗಾಡ್ ಮೋಡ್ ಇದೆ. ಪ್ರತಿ ಸಾವಿಗೂ ನಮಗೆ ಬೀಳುವ ಪೆಟ್ಟು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತ ಹೋಗುತ್ತದೆ. ಅದನ್ನು ಹಾಕಿಕೊಂಡರೆ ನಾಚಿಕೆ ಪಡುವಂಥದ್ದೇನೂ ಇಲ್ಲ.

ಒಂದು ಕಡೆ ಸಿಲ್ಲಾ ಅನ್ನುವವಳು ತನ್ನ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಲೇ ಹೊಡೆಯುತ್ತಾಳೆ. ಡ್ರಮ್ಸ್ ಬಾರಿಸುವವಳನ್ನು ಮೊದಲು ಉರುಳಿಸಿದೆ. ಹಾಡಿನಿಂದ ಡ್ರಮ್ಸ್ ನಿಂತುಹೋಯಿತು! ಇಷ್ಟು ಚೆನ್ನಾದ ವಿಚಾರಕ್ಕೆ ನಾನು ಕೈ ಮುಗಿಯುತ್ತೇನೆ. ಬೇಸರ ಅಂದರೆ ಸಾಮಾನು ಕೂಡಿಸುವ ಕೆಲಸ. ಬೂದಿ, ಎಲುಬು, ಬೀಜ, ಅದಿರು, ಒಂದಾ ಎರಡಾ. ಕೊನೆಯ ಭಾಗ ಅವಸರದಲ್ಲಿ ಮುಗಿಯಿತು ಅಂತ ಆಡಿದ ತುಂಬ ಜನ ದೂರಿದರು. ಆಮೇಲಿನ ಪ್ಯಾಚ್‌ನಲ್ಲಿ ಅದನ್ನು ಸ್ವಲ್ಪ ತಿದ್ದಿದರು. ಆದರೂ ಅಷ್ಟು ದಿನ ಕಟ್ಟಿದ ಸಿಟ್ಟಿಗೆ ತಕ್ಕ ಮುಗಿವು ಅಂತ ನನಗೆ ಅನ್ನಿಸಲಿಲ್ಲ.

ಬೆಲೆಯಲ್ಲಿ ಎಕ್ಸ್‌ಪೆಡಿಷನ್ 50 ಡಾಲರ್, ಹೇಡೀಸ್ 30. ಮೂರರಲ್ಲೂ ಕನ್ನಡ ಇಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಇದು ನನಗೆ ನಿಜವಾಗಲೂ ನೋವಿನ ವಿಷಯ. ಎಕ್ಸ್‌ಪೆಡಿಷನ್‌ನ ಸಂಭಾಷಣೆಯನ್ನು ನಾನು ಅಮ್ಮನಿಗೆ ಸಾಲು ಸಾಲು ಹೇಳಿ ಅರ್ಥ ಮಾಡಿಸಬೇಕಾಯಿತು. ಜನ ಕರಗುವ ಆ ಘಟನೆಗೆ ಅವರು ಗೊಮಾಜ್ ಅನ್ನುತ್ತಾರೆ, ಫ್ರೆಂಚ್‌ನಲ್ಲಿ ಉಜ್ಜಿ ಅಳಿಸುವುದು ಅಂತ. "ಅಳಿಸೋದು" ಅಂತ ಹೇಳಿದ ಕೂಡಲೇ ಅಮ್ಮನಿಗೆ ಪೂರ್ತಿ ಕಥೆ ಹಿಡಿಯಿತು.

ಕೆಲಸಕ್ಕೆ ಹೋಗುವವರು, ರಾತ್ರಿ ಒಂದೇ ಗಂಟೆ ಇರುವವರು ಹೇಡೀಸ್ 2 ತೊಗೊಳ್ಳಿ. ವರ್ಷಕ್ಕೆ ಒಂದೇ ಗೇಮ್ ಆಡುವುದು ಅಂತಿದ್ದರೆ ಎಕ್ಸ್‌ಪೆಡಿಷನ್. ಸಿಲ್ಕ್‌ಸಾಂಗ್ ರಜೆಗೆ ಇಟ್ಟುಕೊಳ್ಳಿ.

ರಜೆ ಅಂದಿದ್ದಕ್ಕೆ ಕಾರಣ ಇದೆ. ದಸರಾಕ್ಕೆ ಅಕ್ಕನ ಮಗ ಬಂದಿದ್ದ, ಒಂಬತ್ತನೇ ಕ್ಲಾಸು. ಎಸ್‌ಪಿ ರೋಡ್‌ನಲ್ಲಿ ತಂದ ಹಳೇ ಕಂಟ್ರೋಲರ್ ಕೊಟ್ಟು ಸಿಲ್ಕ್‌ಸಾಂಗ್ ಹಾಕಿಕೊಟ್ಟೆ. ಅವನೂ ಲಾಸ್ಟ್ ಜಡ್ಜ್ ಹತ್ತಿರ ಸಿಕ್ಕಿಹಾಕಿಕೊಂಡ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಆ ಮೆಟ್ಟಿಲು ದಾರಿಯನ್ನು ಒಬ್ಬ ಶತ್ರುವನ್ನೂ ಮುಟ್ಟದೆ ಹಾರಿಕೊಂಡು ಹೋಗುವುದು ಕಲಿತಿದ್ದ. "ನೋಡು ಮಾಮ, ಇಲ್ಲಿ ನಿಲ್ಲಲೇಬಾರದು" ಅಂತ ತೋರಿಸಿದ. ಅವನ ಕೈಯಲ್ಲಿ ಆ ದಾರಿ ಚೆಂದ ಕಂಡಿತು, ಒಪ್ಪುತ್ತೇನೆ. ಅದನ್ನು ಕಲಿಯಲು ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದೆ. ಬೆಳಿಗ್ಗೆ ತಿಂಡಿ ಆದಮೇಲೆ ಕೂತವನು ಊಟಕ್ಕೆ ಎದ್ದನಂತೆ.