ಮಾಸ್ಟರ್ ಪಾತ್ರ: ಡೆಲ್ಗಾಡೊ, ಸಿಮ್, ಗೋಮೆಜ್, ಯಾರಿಂದ ಆರಂಭಿಸಬೇಕು?

ಮುಂಬಯಿಯಲ್ಲಿ ಯಕ್ಷಗಾನ ನೋಡುತ್ತ ಬೆಳೆದ ಕನ್ನಡಿಗರಿಗೆ ಒಂದೇ ‘ಬಣ್ಣದ ವೇಷ’ವನ್ನು (ರಾಕ್ಷಸ ಪಾತ್ರವನ್ನು) ಬೇರೆ ಬೇರೆ ಕಲಾವಿದರಲ್ಲಿ ತೂಗಿ ನೋಡುವುದು ಹೊಸತಲ್ಲ. ಬ್ರಿಟನ್ನಿನ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ನಲ್ಲಿ ದೇಹ ಬದಲಿಸುತ್ತ ಬೇರೆ ಬೇರೆ ನಟರ ರೂಪದಲ್ಲಿ ಬರುವ ಖಳನಾಯಕ ಮಾಸ್ಟರ್‌ನ ವಿಷಯದಲ್ಲೂ ಮಾಟುಂಗಾದ ನಮ್ಮ ಗೆಳೆಯರ ನಡುವೆ ಅದೇ ಬಗೆಯ ಚರ್ಚೆ ನಡೆಯುತ್ತದೆ.

ಹಿರಿಯ ಅಭಿಮಾನಿಗಳ ಒಲವು, 1971ರಲ್ಲಿ ಈ ಪಾತ್ರವನ್ನು ಮೊದಲು ನಿರ್ವಹಿಸಿದ ರೋಜರ್ ಡೆಲ್ಗಾಡೊ ಅವರ ಕಡೆಗಿದೆ. ದನಿ ಏರಿಸದೆ, ಸಭ್ಯ ಗೃಹಸ್ಥನಂತೆ ನಿಂತು, ಕೇವಲ ನೋಟದಿಂದ ಎದುರಿನವರನ್ನು ವಶಮಾಡಿಕೊಳ್ಳುವ ಅವರ ರೀತಿ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ; 1973ರಲ್ಲಿ ಟರ್ಕಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಅವರು ತೀರಿಕೊಂಡದ್ದು ಆ ಪಾತ್ರಕ್ಕೆ ತುಂಬಲಾರದ ನಷ್ಟವೆಂದೇ ನನ್ನ ಭಾವನೆ. ಆದರೆ ಆ ಕಾಲದ ಕಥೆಗಳ ನಡೆ ನಿಧಾನ.

1980ರ ದಶಕದ ಆಂಥನಿ ಐನ್ಲಿ ಅವರನ್ನು ಆಮೇಲೆ ನೋಡಬಹುದು.

2007ರ ಜಾನ್ ಸಿಮ್ ಅವರ ಬಗ್ಗೆ ಅಭಿಪ್ರಾಯ ಎರಡಾಗುತ್ತದೆ. ತಲೆಯೊಳಗೆ ನಾಲ್ಕು ಪೆಟ್ಟಿನ ನಗಾರಿ ಸದ್ದು ಕೇಳುತ್ತಲೇ ಬ್ರಿಟನ್ನಿನ ಪ್ರಧಾನಿಯಾಗುವ ಅವರ ಮಾಸ್ಟರ್‌ನ ಉನ್ಮಾದ ಕೆಲವರಿಗೆ ರೋಮಾಂಚಕ, ಕೆಲವರಿಗೆ ಅತಿ.

2014ರಲ್ಲಿ ಮಾಸ್ಟರ್‌ನ ಸ್ತ್ರೀರೂಪವಾದ ‘ಮಿಸ್ಸಿ’ಯಾಗಿ ಬಂದ ಮಿಶೆಲ್ ಗೋಮೆಜ್ ಅವರಲ್ಲಿ ಕ್ರೌರ್ಯದ ಜೊತೆಗೆ, ಹಳೆಯ ಗೆಳೆಯನೂ ಧಾರಾವಾಹಿಯ ನಾಯಕನೂ ಆದ ಡಾಕ್ಟರ್‌ನ ಸ್ನೇಹಕ್ಕಾಗಿ ಹಂಬಲಿಸುವ ಒಂಟಿತನವೂ ಇದೆ. ಹೊಸಬರು ಅವರಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ. ಆದರೆ ಸಿಮ್ ಮತ್ತು ಗೋಮೆಜ್ ಮುಖಾಮುಖಿಯಾಗುವ 2017ರ ಕಂತುಗಳನ್ನು, ಇಬ್ಬರ ಹಿಂದಿನ ಕಥೆಗಳನ್ನೂ ನೋಡಿ ಮುಗಿಸುವವರೆಗೆ ದಯವಿಟ್ಟು ಮುಟ್ಟಬೇಡಿ.