ಹಲಸಿನ ಸ್ಟೂಲಿಗೆ ಫ್ರೆಂಚ್ ಪಾಲಿಶೋ, ಪಿಯು ವಾರ್ನಿಶೋ?

ಶಿರಸಿಯ ಮಳೆ ಕಂಡವರು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಎಣ್ಣೆ ಆಧಾರಿತ ಪಿಯು (ಪಾಲಿಯುರೆಥೇನ್) ವಾರ್ನಿಶ್. ಆಚಾರ್ರು ಮಾಡಿಕೊಟ್ಟ ಎರಡು ಹಲಸಿನ ಸ್ಟೂಲುಗಳಲ್ಲಿ ಒಂದಕ್ಕೆ ಅದನ್ನು, ಇನ್ನೊಂದಕ್ಕೆ ಫ್ರೆಂಚ್ ಪಾಲಿಶನ್ನು ಹಚ್ಚಿ, ಜಗಲಿಯಲ್ಲಿ ಅಕ್ಕಪಕ್ಕ ಇಟ್ಟು ಬಳಸಿದ ಮೇಲೆ ಹೇಳುತ್ತಿದ್ದೇನೆ.

ಚಂದಕ್ಕೆ ಫ್ರೆಂಚ್ ಪಾಲಿಶೇ ಮುಂದು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಗೆ ಬಟ್ಟೆ ಸುತ್ತಿ ಉಜ್ಜುತ್ತ ಹೋದರೆ ನಿಮಿಷಗಳಲ್ಲಿ ಒಣಗುತ್ತದೆ. ಖರ್ಚೂ ಕಡಿಮೆ.

ಆದರೆ ಬೇಗ ಒಣಗುವ ಆ ಗುಣವೇ ನಮ್ಮೂರಲ್ಲಿ ತೊಡಕು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಜುಲೈನಲ್ಲಿ ಹಚ್ಚಿದರೆ ಹೊಳಪಿನ ಬದಲು ಬಿಳಿ ಮಬ್ಬು. ಬಿಸಿಲು ಬಿದ್ದ ದಿನ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಗುರಾಗಿ ಎಳೆದರೆ ಅದು ಹೋಗುತ್ತದೆ, ನಿಜ. ಆಷಾಢದಲ್ಲಿ ಆ ಬಿಸಿಲು ಎಲ್ಲಿಂದ ತರುವುದು?

ಮಬ್ಬು ಹೋಯಿತೆಂದರೆ ಲೋಟದ ಕಾಟ. ಅರಗು ಸುಮಾರು 75–80 ಡಿಗ್ರಿಗೆ ಕರಗಿಯೇ ಬಿಡುತ್ತದೆ. ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಮೂಡುತ್ತದೆ. ಬಂದವರಿಗೆ ಮೊದಲು ಕಷಾಯ ಕೊಡುವ ಮನೆ ನಮ್ಮದು. "ಲೋಟ ಅಲ್ಲಿ ಇಡಬೇಡ ಭಾವಾ" ಎನ್ನಬೇಕಾದ ಸ್ಟೂಲು ನನಗೆ ಬೇಡ.

ಪಿಯುಗೆ ತಾಳ್ಮೆ ಬೇಕು. ಮರವನ್ನು ಎಳೆಯ ಗುಂಟ 120, 180, 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಧೂಳು ಒರೆಸಿ, ಮೊದಲ ಕೈಗೆ, ಅಂದರೆ ಮೊದಲ ಪದರಕ್ಕೆ, ವಾರ್ನಿಶನ್ನು ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿ. ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿದಂತೆ ಹಚ್ಚಿದರೆ ಬ್ರಶ್ಶಿನ ಗೆರೆ ಬೀಳುವುದಿಲ್ಲ. ಒಂದೊಂದು ಕೈಯೂ ರಾತ್ರಿಯಿಡೀ ಆರಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಡುವೆ 320ರಲ್ಲಿ ಹಗುರಾಗಿ ಉಜ್ಜಬೇಕು. ಮೂರು ಕೈ ಸಾಕು. ಬೆಳಿಗ್ಗೆಯೇ ಹಚ್ಚಿಬಿಡಿ; ಸಂಜೆ ಹಚ್ಚಿದರೆ ದೀಪಕ್ಕೆ ಬರುವ ಹಾತೆಗಳು ಹಸಿ ಪದರಕ್ಕೆ ಅಂಟಿಕೊಳ್ಳುತ್ತವೆ. ವಾಸನೆ ಜೋರು, ಕಿಟಕಿ ತೆರೆದಿಡಿ.

ಹಲಸಿಗೆ ಸ್ಟೇನ್ (ಮರಕ್ಕೆ ಹಿಡಿಸುವ ಬಣ್ಣ) ಬೇಡವೇ ಬೇಡ. ಅದರ ಹಳದಿ ಬೆಳಕಿಗೆ ತಾನೇ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ಅಗಸೆ ಎಣ್ಣೆ ಸುಲಭ, ಆದರೆ ಮಳೆಗಾಲದಲ್ಲಿ ಅದರ ಮೇಲೆ ಬೂಸು ಬರುತ್ತದೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಪಿಯು ಬಟ್ಟೆಗೂ ಅದೇ ಎಚ್ಚರಿಕೆ: ಹೊರಗೆ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆಯೇ ಬಿಸಾಡಿ.

ಪಿಯು ಡಬ್ಬಿಗೆ ಹಣ ಹೆಚ್ಚು. ಆದರೂ ವರ್ಷವರ್ಷ ಮಬ್ಬು ತೆಗೆಯುತ್ತ ಕೂರುವಷ್ಟು ಬಿಡುವು ನನಗಿಲ್ಲ, ತೋಟದ ಕೆಲಸವೇ ಸಾಕಷ್ಟಿದೆ. ಗೋಡೆಯ ಫೋಟೋ ಚೌಕಟ್ಟಿಗಾದರೆ ಫೆಬ್ರವರಿಯ ಒಣ ಹವೆಯಲ್ಲಿ ಫ್ರೆಂಚ್ ಪಾಲಿಶನ್ನೇ ಹಚ್ಚುತ್ತೇನೆ. ಅಲ್ಲಿ ಯಾರೂ ಲೋಟ ಇಡುವುದಿಲ್ಲ.